ಅರವತ್ತು ಮಕ್ಕಳ ಪಟ್ಟಿ

ಎಂಟನೇ ಸಲ ಸಂಶೋಧನೆಯ ಪ್ರಶ್ನೆ ತಿದ್ದಿಸಿಕೊಂಡು ಬಂದ ದಿನ ಟೀಚರಮ್ಮನ ಗಂಡ ಕೇಳಿದ್ದ: "ಇನ್ನೂ ಪ್ರಶ್ನೆಯಲ್ಲೇ ಇದ್ದೀಯಾ? ಉತ್ತರ ಬರೋ ಹೊತ್ತಿಗೆ ಇಬ್ರಿಗೂ ಹಲ್ಲು ಉದುರಿರುತ್ತೆ." ಆಕೆ ನಗಲಿಲ್ಲ. ಹದಿನೆಂಟು ವರ್ಷ ಒಂಬತ್ತನೇ ತರಗತಿಗೆ ಪಾಠ ಹೇಳಿ, ಈ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದ್ದು ಹೆಸರಿನ ಮುಂದೆ ಡಾಕ್ಟರ್ ಅಂಟಿಸಿಕೊಳ್ಳುವ ಚಪಲಕ್ಕಲ್ಲ.

ಕಾರಣ ಅದೇ ತರಗತಿಯ ಒಬ್ಬ ಹುಡುಗಿ. ವರ್ಷದ ಆರಂಭದಲ್ಲಿ, ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮಾತು ಮರೆತು ಮೈಕಿನ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತವಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಹದಿನೈದು ಸೆಕೆಂಡಿನ ಅಳು ಸಂಜೆಯೊಳಗೆ ಊರೆಲ್ಲ ಸುತ್ತಿತು, ಅದಕ್ಕೊಂದು ಹಿನ್ನೆಲೆ ಸಂಗೀತ ಬೇರೆ. ಸ್ಟಾಫ್ ರೂಮಿನಲ್ಲೂ ನೋಡಿದರು. ಟೀಚರಮ್ಮನೂ ನೋಡಿದಳು, ನಕ್ಕಳು ಕೂಡ. ಮರುವಾರದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಆ ನಗು ಟೀಚರಮ್ಮನಿಗೆ ಗಂಟಲ ಮುಳ್ಳಾಗಿ ಉಳಿಯಿತು.

ಹುಡುಗಿಯ ತಾಯಿ ಬಟ್ಟೆ ಹೊಲಿಯುವವಳು. ಟೀಚರಮ್ಮ ಅವಳ ಮನೆಗೆ ಹೋಗಿ, "ಇದೆಲ್ಲ ಯಾಕೆ ಹೀಗಾಗುತ್ತೆ ಅಂತ ಹುಡುಕಿ ಬರೀತೀನಿ ಅಕ್ಕಾ. ನಿಮ್ಮ ಮಗಳ ವಿಷಯ ಅದ್ರಲ್ಲಿ ಇದ್ದೇ ಇರುತ್ತೆ," ಎಂದಿದ್ದಳು. ತಾಯಿ ಮಷಿನ್ನಿನಿಂದ ಕಾಲು ತೆಗೆಯದೆ, "ಬರೀರಿ. ಯಾರಾದ್ರೂ ಓದಲಿ," ಎಂದಿದ್ದಳು.

ಗೈಡ್ ಮೇಷ್ಟ್ರಿಗೆ ಶಿಷ್ಯರು ಇಟ್ಟ ಹೆಸರು ಕೆಂಪು ಪೆನ್ಸಿಲ್. 'ವಿದ್ಯಾರ್ಥಿಗಳ ಮೇಲೆ ಮಾಧ್ಯಮಗಳ ಪ್ರಭಾವ' ಎಂಬ ಮೊದಲ ಹಾಳೆ ನೋಡಿದವರೇ, "ಸಮುದ್ರ ಕುಡೀತೀಯೇನಮ್ಮಾ?" ಎಂದರು. ಮಾತು ಸುಳ್ಳಲ್ಲ. "ಯಾವ ಮಾಧ್ಯಮ? ಯಾವ ವಯಸ್ಸು? ಪ್ರಭಾವ ಅಂದ್ರೆ ಏನನ್ನ ಅಳೀತೀಯ?" ತಿಂಗಳಿಗೊಂದು ಪದಕ್ಕೆ ಕತ್ತರಿ ಬಿತ್ತು. ಮಾಧ್ಯಮಗಳು ಹೋಗಿ ಫೋನ್ ಉಳಿಯಿತು, ಫೋನ್ ಹೋಗಿ ಕಿರು ವಿಡಿಯೊ ಉಳಿಯಿತು. ವಿದ್ಯಾರ್ಥಿಗಳೆಲ್ಲ ಹೋಗಿ ಒಂದೇ ಶಾಲೆಯ ಒಂಬತ್ತನೇ ತರಗತಿ ಉಳಿಯಿತು. 'ಪ್ರಭಾವ'ದ ಬದಲು ಆಕೆ ಬರೆದ 'ಅವಮಾನ' ಎಂಬ ಪದದ ಮೇಲೆ ಪೆನ್ಸಿಲ್ ಎರಡು ಸಲ ಓಡಿತು.

"ಅವಮಾನ ಅಳೆಯೋಕೆ ಸ್ಕೇಲ್ ಎಲ್ಲಿದೆ? ಪರೀಕ್ಷೆಯ ಅಂಕ ಹಿಡ್ಕೋ. ಅಂಕ ಸುಳ್ಳು ಹೇಳಲ್ಲ."

ಸುಳ್ಳು ಹೇಳಲ್ಲವಂತೆ! ಹದಿನೆಂಟು ವರ್ಷ ಅಂಕ ಹಾಕಿದ ಕೈಗೆ ಅದರ ಬಂಡವಾಳ ಗೊತ್ತಿರಲಿಲ್ಲವೇ? ಆದರೂ ತಲೆಯಾಡಿಸಿದಳು. ಅಷ್ಟೇ ಅಲ್ಲ, ಮೇಷ್ಟ್ರು ಕೇಳದಿದ್ದರೂ ಹಳೆಯ ಪ್ರಬಂಧವೊಂದನ್ನು ನೋಡಿ ಒಂದು ಸಾಲು ತಾನೇ ಸೇರಿಸಿದಳು: 'ಶೇಕಡ ಎಂಬತ್ತಕ್ಕಿಂತ ಹೆಚ್ಚು ಹಾಜರಾತಿ ಇರುವವರು ಮಾತ್ರ.'

"ಭೇಷ್! ಈಗ ನೋಡು, ಪ್ರಶ್ನೆ ಮುಷ್ಟಿಗೆ ಸಿಕ್ತು," ಎಂದು ಮೇಷ್ಟ್ರು ಸಹಿ ಹಾಕಿದರು. ಆಕೆ ಪ್ರೈಜು ಸಿಕ್ಕ ಮಗುವಿನಂತೆ ಮನೆಗೆ ಬಂದಳು.

ಮರುದಿನ ಹಾಜರಿ ಪುಸ್ತಕ ತೆರೆದು ಪಟ್ಟಿ ಬರೆಯಲು ಕೂತಾಗ ಇಪ್ಪತ್ತೇಳನೇ ಹೆಸರಿನ ಬಳಿ ಪೆನ್ನು ನಿಂತಿತು. ಆ ಹುಡುಗಿಯ ಹೆಸರು. ಹಾಜರಾತಿ ಶೇಕಡ ಹನ್ನೊಂದು. ಬೇಲಿ ಕಟ್ಟಿದವಳು ತಾನೇ, ಯಾರನ್ನು ಬೈಯುವುದು? ಸಾಲು ತೆಗೆಯೋಣವೆಂದರೆ ಮತ್ತೆ ಕೆಂಪು ಪೆನ್ಸಿಲ್, ಮತ್ತೆ ತಿಂಗಳುಗಳು. ನಾಚಿಕೆಯಾಯಿತು. ನಾಚಿಕೊಂಡೇ ಇಪ್ಪತ್ತೆಂಟನೇ ಹೆಸರು ಬರೆದಳು. ಎರಡೂ ವಿಭಾಗ ಸೇರಿ ಅರವತ್ತು ಮಕ್ಕಳಾದರು. ಅವರ ಮನೆಗಳಿಗೆ ಪೋಷಕರ ಒಪ್ಪಿಗೆಯ ಫಾರಂ ಹೋಯಿತು.

ಫಾರಂಗಳೆಲ್ಲ ಸಹಿಯಾಗಿ ವಾಪಸು ಬಂದ ಬೆಳಿಗ್ಗೆ ಹುಡುಗಿಯ ತಾಯಿ ಶಾಲೆಯ ಗೇಟಿನ ಬಳಿ ನಿಂತಿದ್ದಳು. ತೋಳಿಗೆ ನೀಲಿ ದಾರದ ಚೂರು ಅಂಟಿತ್ತು.

"ಪಕ್ಕದ ಮನೆಗೆ ಫಾರಂ ಬಂದಿತ್ತು ಟೀಚರ್. ನಮ್ಮನೆಗೆ ಬರ್ಲಿಲ್ಲ."

"ಅದು... ಈ ವರ್ಷ ಸರಿಯಾಗಿ ಶಾಲೆಗೆ ಬಂದವರನ್ನ ಮಾತ್ರ ಸೇರಿಸ್ಬೇಕು ಅಕ್ಕಾ. ನಿಯಮ ಹಾಗಿದೆ."

ತಾಯಿ ತೋಳಿನ ದಾರ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು. "ಅಂದ್ರೆ, ನೋಡಿ ನಕ್ಕವರೆಲ್ಲ ಪಟ್ಟಿಲಿದ್ದಾರೆ. ನನ್ನ ಮಗಳೊಬ್ಬಳೇ ಇಲ್ಲ."

ನಕ್ಕವರಲ್ಲಿ ನಾನೂ ಒಬ್ಬಳು ಎಂದು ಹೇಳಬೇಕಿತ್ತು. ಆ ನಿಯಮ ಬರೆದದ್ದೂ ನಾನೇ ಎನ್ನಬೇಕಿತ್ತು. ಟೀಚರಮ್ಮನ ಬಾಯಿಂದ ಬಂದದ್ದು ಬೇರೆ: "ಪ್ರಶ್ನೆ ಸಣ್ಣದು ಮಾಡ್ಲೇಬೇಕಿತ್ತು ಅಕ್ಕಾ."

"ಆಯ್ತಲ್ಲ ಬಿಡಿ, ಸಣ್ಣದು," ಎಂದು ತಾಯಿ ತಿರುಗಿ ನಡೆದಳು.

ಗಂಟೆ ಹೊಡೆಯಿತು. ಟೀಚರಮ್ಮ ಒಳಗೆ ಹೋಗಿ ಪ್ರಶ್ನಾವಳಿ ಹಂಚಿದಳು. ಅರವತ್ತು ಮಕ್ಕಳೂ ಹಾಜರಿದ್ದರು.