ಲುವೆಲ್ಲಾ ಮಿಸ್ಸಿನ ಕೆಮ್ಮು

ಅಮೆರಿಕದ ಅಲಬಾಮಾದ ಒಂದು ಶಾಲೆಯಲ್ಲಿ ಕಪ್ಪು ಜನರ ಪೈಕಿ ಟೀಚರೆಂದರೆ ಲುವೆಲ್ಲಾ ಮಿಸ್ ಒಬ್ಬರೇ. ಪಠ್ಯಕ್ಕಿಟ್ಟ ಹಳೆಯ, ಹೆಸರಾಂತ ಕಾದಂಬರಿಯನ್ನು ಮೂವತ್ತು ವರ್ಷದಿಂದ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ತಮ್ಮ ಜನರನ್ನು ಹೀನಾಯವಾಗಿ ಕರೆಯುವ ಆ ಪದ ಬಂದಲ್ಲೆಲ್ಲ ಒಮ್ಮೆ ಕೆಮ್ಮಿ ಮುಂದೆ ಹೋಗುತ್ತಾರೆ. ಕೆಲವು ಪುಟಕ್ಕೆ ಒಂಬತ್ತು ಕೆಮ್ಮು. ಪುಸ್ತಕ ಮುಗಿಯುವಷ್ಟರಲ್ಲಿ ಗಂಟಲು ನಿಜಕ್ಕೂ ಕಟ್ಟಿರುತ್ತದೆ. “ಮಿಸ್, ಸ್ವಲ್ಪ ಜೇನುತುಪ್ಪ ನೆಕ್ಕಿ,” ಎಂದು ಹಿಂದಿನ ಸಾಲಿನವರು ಕನಿಕರ ತೋರಿದರೆ, “ಕೆಮ್ಮು ಬಂದಿರೋದು ಪುಸ್ತಕಕ್ಕೆ ಕಣ್ರಪ್ಪಾ, ನನಗಲ್ಲ,” ಎನ್ನುತ್ತಾರೆ. ತಮ್ಮ ಕೋಣೆಯಲ್ಲಿ ಆ ಪದ ಒಂದು ಮಗುವಿನ ಕಿವಿಗೂ ಬಿದ್ದಿಲ್ಲವೆಂಬುದು ಅವರ ಹೆಮ್ಮೆ. ಮೊನ್ನೆ ದಿನಸಿ ಅಂಗಡಿಯ ಸಾಲಿನಲ್ಲಿ ಅವರು ಕೈಚೀಲ ತಡಕುತ್ತ ನಿಂತಾಗ, ಹಿಂದಿದ್ದ ಹಳೆಯ ಶಿಷ್ಯ, ಒಬ್ಬ ಬಿಳಿಯ, ಅವರ ಬೆನ್ನನ್ನೇ ನೋಡುತ್ತ, ತರಗತಿಯಲ್ಲಿ ಕೇಳಿದ್ದ ಅದೇ ಕೆಮ್ಮನ್ನು ಮೆಲ್ಲಗೆ ಕೆಮ್ಮಿದ. ಇನ್ನೂ ಓದಲು ಬಾರದ ಅವನ ಮಗಳು ಕಿಸಕ್ಕನೆ ನಕ್ಕು, ತಾನೂ ಕೆಮ್ಮಿದಳು.