ಪಾಲು ಮಾಡಿದವಳಿಗೆ ಕೊನೆಯ ಪಾಲು

ನನ್ನ ತಂಗಿಯ ಮಗಳು ಹರ್ಷಿಣಿಗೆ ನಿಟ್ಟೆಯಲ್ಲಿ ಕೆಲಸ, ಹಾಸ್ಟೆಲುಗಳ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ವಾರವಿಡೀ ಅಲ್ಲೇ ರೂಮು. ಶನಿವಾರ ಸಂಜೆ ಕಾರ್ಕಳದ ಬಸ್ಸು ಹಿಡಿದು ಉದ್ಯಾವರಕ್ಕೆ ಬರುತ್ತಾಳೆ. ಹಾಸ್ಟೆಲಿನ ಮಕ್ಕಳಲ್ಲಿ ಕೆಲವರಿಗೆ ಒಂದು ಕಾರ್ಡ್ ಆಟದ ಹುಚ್ಚು. ಅಸಲಿ ಕಾರ್ಡು ಕೊಳ್ಳುವ ಮೊದಲು ಆಡಿ ನೋಡಲಿಕ್ಕೆಂದು ಅದರ ನಕಲನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ಮಾಡಿಸುತ್ತಿದ್ದರು. ಹಾಳೆಗೆ ಒಂಬತ್ತು ಕಾರ್ಡು, ಕತ್ತರಿಸುವುದು ಇವಳು. ಪ್ರತಿ ಕಾರ್ಡಿನ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ನಿಯಮ ಬರೆದಿರುತ್ತದೆ. ಕಟ್ಟರ್ ಸ್ವಲ್ಪ ಜಾರಿದರೂ ಕೊನೆಯ ಸಾಲು ಹೋಯಿತು. ಹಾಗಾಗಿ ಆ ಸಾಲನ್ನು ಓದಿಯೇ ಕತ್ತರಿಸುವುದು ಅವಳ ಅಭ್ಯಾಸ. ಓದಿ ಓದಿ ಅವಳಿಗೂ ಆಟ ಬಂತು.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಶನಿವಾರ ನಾನು ಮೀನು ಕೊಯ್ಯುವಾಗ ಅವಳು ಪಕ್ಕದಲ್ಲಿ ಕುಳಿತು ಹೇಳಿದ್ದನ್ನೆಲ್ಲ ಕೇಳಿ ಇಷ್ಟು ತಿಳಿದುಕೊಂಡಿದ್ದೇನೆ. ಮೇಜಿಗೆ ನಾಲ್ವರು. ಪ್ರತಿಯೊಬ್ಬರೂ ತಾವೇ ಆರಿಸಿ ಜೋಡಿಸಿದ ಕಾರ್ಡುಗಳ ಕಟ್ಟು ತರುತ್ತಾರೆ. ಎಲ್ಲರಿಗೂ ನಲವತ್ತು ಅಂಕ. ಯಾರು ಯಾರನ್ನು ಬೇಕಾದರೂ ಹೊಡೆಯಬಹುದು. ಅಂಕ ಮುಗಿದವರು ಎದ್ದು ಹೋಗಬೇಕು, ಕೊನೆಗೆ ಉಳಿದವರು ಗೆದ್ದರು.

"ಇಬ್ಬರೇ ಆಡುವುದಾದರೆ ಬಲ ಇದ್ದರೆ ಸಾಕು ದೊಡ್ಡಮ್ಮ. ನಾಲ್ವರು ಇರುವಾಗ ಬಲ ತೋರಿಸಿದರೆ ಕೆಟ್ಟಿತು. ಮೂವರೂ ಒಟ್ಟಾಗಿ ಬೀಳ್ತಾರೆ."

ಅವಳು ಕೆಟ್ಟದ್ದೂ ಹಾಗೆಯೇ. ಎರಡು ವರ್ಷ ಮಣಿಪಾಲದ ಪಂದ್ಯದಲ್ಲಿ ಕೊನೆಯ ಮೇಜಿನವರೆಗೆ ಹೋಗಿ, ಅವಸರದಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿ, ಮೂವರ ಪೆಟ್ಟು ತಿಂದು ಎದ್ದು ಬಂದಿದ್ದಳು. ಅಲ್ಲಿ ಗೆದ್ದ ಒಬ್ಬರಿಗೆ ಮಾತ್ರ ಕೊಚ್ಚಿಯ ದೊಡ್ಡ ಪಂದ್ಯದಲ್ಲಿ ಜಾಗ. ಈ ವರ್ಷ ಆ ಜಾಗ ತನ್ನದೇ ಎಂದು ಹೇಳಿ, ನನ್ನನ್ನೂ ಬಸ್ಸು ಹತ್ತಿಸಿದಳು.

ಭಾನುವಾರ ಮಧ್ಯಾಹ್ನ. ಒಂದು ಕಾಫಿ ಅಂಗಡಿಯ ಮಹಡಿ. ಕೊನೆಯ ಮೇಜಿನಲ್ಲಿ ಇವಳ ಜೊತೆ ಬಜಗೋಳಿಯ ರೂಪೇಶ್, ಕಾಪುವಿನ ಫಯಾಝ್, ಮತ್ತೆ ಕಳೆದ ವರ್ಷ ಗೆದ್ದ ಮಣಿಪಾಲದ ಶೆಲ್ಡನ್.

"ಜೆರಾಕ್ಸ್ ಅಕ್ಕ ಈ ಸಲವೂ ಬಂದ್ರಾ? ಕಾರ್ಡು ಅಸಲಿ ಅಲ್ವಾ?" ಎಂದ ಶೆಲ್ಡನ್.

"ಕಾರ್ಡು ಅಸಲಿ ಮಾರಾಯ. ನಿನ್ನ ಧೈರ್ಯ ನಕಲಿ ಅಲ್ಲದಿದ್ದರೆ ಸಾಕು."

ಮೇಲ್ವಿಚಾರಣೆಗೆ ನಿಂತಿದ್ದ ಜೆನಿಫರ್ ಕೂಡ ನಕ್ಕಳು.

ಮೊದಲ ಒಂದು ಗಂಟೆ ಹರ್ಷಿಣಿ ಪೆಟ್ಟು ತಡೆಯುವ ಸಣ್ಣ ಸಣ್ಣ ಗೋಡೆ ಕಾರ್ಡು ಇಟ್ಟುಕೊಂಡು ತಣ್ಣಗೆ ಕುಳಿತಳು. ಆಮೇಲೆ ತನ್ನ ನೆಚ್ಚಿನ ಕಾರ್ಡು ಇಳಿಸಿದಳು, ಅದರ ಹೆಸರು ಹಂಚಿಕೆ. ನಾಲ್ವರ ಕಟ್ಟಿನಿಂದಲೂ ಮೇಲಿನ ಎರಡೆರಡು ಕಾರ್ಡು ತೆಗೆದು ಎಲ್ಲರಿಗೂ ಕಾಣುವಂತೆ ನಡುವೆ ಇಡಬೇಕು. ಇಳಿಸಿದವರು ಅದನ್ನು ನಾಲ್ಕು ಪಾಲು ಮಾಡಿ ತಮ್ಮ ಪಾಲನ್ನು ಮೊದಲು ಎತ್ತಬಹುದು. ಆ ಎಂಟರಲ್ಲಿ ಅವಳದೇ ಕಟ್ಟಿನ ದೊಡ್ಡ ಡ್ರ್ಯಾಗನ್ ಇತ್ತು, ಒಂದೇ ಪೆಟ್ಟಿಗೆ ಹನ್ನೆರಡು ಅಂಕ ಕೀಳುವಂಥದ್ದು. ಅಂಥದ್ದು ಬಂದರೆ ತಾನೇ ಎತ್ತಿಕೊಳ್ಳಬಹುದೆಂದೇ ಅವಳು ಈ ಆಟ ಹೂಡಿದ್ದು.

ಅವಳ ಕೈ ಚಕಚಕನೆ ಪಾಲು ಹಾಕಿತು. ದೊಡ್ಡದರ ಜೊತೆ ಕೆಲಸಕ್ಕೆ ಬಾರದ್ದು, ಮಧ್ಯಮದ್ದಕ್ಕೆ ಮಧ್ಯಮ. ಹಾಕಿ ಮುಗಿಸಿ, ಎರಡೂ ಕೈ ಹಿಂದೆ ತೆಗೆದು, "ತೆಗೊಳ್ಳಿ" ಎಂದಳು.

ಆ ಮಾತು ನನಗೆ ಗೊತ್ತು. ಅದು ಆಟದ ಮಾತಲ್ಲ, ದೋಣಿಗಳು ಮೀನು ಇಳಿಸುವ ಮಲ್ಪೆ ದಕ್ಕೆಯ ಮಾತು. ನಾನು, ಅವಳ ಅಮ್ಮ, ಇನ್ನಿಬ್ಬರು ಸೇರಿ ಮಾರಲಿಕ್ಕೆಂದು ಹರಾಜಿನಲ್ಲಿ ಒಂದು ರಾಶಿ ಮೀನು ಕೊಂಡರೆ ಒಬ್ಬಳು ನಾಲ್ಕು ಪಾಲು ಹಾಕುತ್ತಿದ್ದಳು. ಹಾಕಿದವಳು ಕೈ ಹಿಂದೆ ತೆಗೆಯಬೇಕು, ಉಳಿದ ಮೂವರು ಎತ್ತಿದ ಮೇಲೆ ಬಿಟ್ಟದ್ದನ್ನು ಎತ್ತಬೇಕು. ಹಾಗಿದ್ದರೆ ಪಾಲಿನಲ್ಲಿ ಮೋಸ ಇಲ್ಲ, ಜಗಳವೂ ಇಲ್ಲ. ಶಾಲೆಗೆ ರಜೆ ಇದ್ದಾಗ ಆ ಪಾಲು ಹಾಕುತ್ತಿದ್ದದ್ದು ಇದೇ ಹರ್ಷಿಣಿ.

ಶೆಲ್ಡನ್ ಗಬಕ್ಕನೆ ಡ್ರ್ಯಾಗನ್ ಇದ್ದ ಪಾಲು ಎತ್ತಿದ. ಹರ್ಷಿಣಿ ತಟ್ಟನೆ ಕೈ ಮುಂದೆ ಚಾಚಿದಳು.

"ಅಯ್ಯೋ, ಮೊದಲು ನನ್ನದಲ್ವಾ!"

"ನಿಮ್ಮದೇ ಇತ್ತು," ಎಂದಳು ಜೆನಿಫರ್. "ಆದರೆ ತೆಗೊಳ್ಳಿ ಅಂತ ನೀವೇ ಹೇಳಿದ್ರಿ. ಇನ್ನು ವಾಪಸ್ ಇಲ್ಲ."

ರೂಪೇಶನೂ ಫಯಾಝನೂ ಒಂದೊಂದು ಪಾಲು ಎತ್ತಿದರು. ಇವಳಿಗೆ ಉಳಿದದ್ದರಲ್ಲಿ ಕೆಲಸಕ್ಕೆ ಬರುವಂಥದ್ದು ಒಂದೇ, ಬೆಳ್ಳಿ ಕನ್ನಡಿ. ತನಗೆ ಬಿದ್ದ ಪೆಟ್ಟನ್ನು ಹೊಡೆದವರಿಗೇ ತಿರುಗಿಸುವ ಕಾರ್ಡು, ಅದೂ ಒಂದೇ ಸಲ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಶೆಲ್ಡನ್ ಮುಂದಿದ್ದ ಡ್ರ್ಯಾಗನ್ನಿನ ಕಡೆ ನೋಡಿದಳು. ಬೆನ್ನು ನೆಟ್ಟಗಾಯಿತು. ಕನ್ನಡಿಯನ್ನು ಎಲ್ಲರಿಗೂ ಕಾಣುವಂತೆ ತನ್ನ ಮುಂದೆ ಇಟ್ಟಳು.

"ಶೆಲ್ಡನ್, ನೀನು ನನ್ನ ತಂಟೆಗೆ ಬರಬೇಡ, ನಾನು ನಿನ್ನ ತಂಟೆಗೆ ಬರುವುದಿಲ್ಲ."

"ಕನ್ನಡಿಗೆ ತಲೆ ಕೊಡ್ಲಿಕ್ಕೆ ನನಗೆಂತ ಮರುಳಾ?" ಎಂದು ಅವನು ಡ್ರ್ಯಾಗನ್ನನ್ನು ರೂಪೇಶನ ಮೇಲೆ ಬಿಟ್ಟ.

ಫಯಾಝನ ಹತ್ತಿರ ಡ್ರ್ಯಾಗನ್ನನ್ನು ಕೊಲ್ಲುವ ಕಾರ್ಡು ಇತ್ತು. ಅವನ ಕೈ ಅದರ ಮೇಲೆ ಆಡುವುದನ್ನು ಹರ್ಷಿಣಿ ನೋಡಿದಳು.

"ಫಯಾಝ್, ಅದನ್ನು ಕೊಂದು ಎಂತ ಸಿಗ್ತದೆ? ಅವನು ಇನ್ನೊಂದು ತರ್ತಾನೆ. ಡ್ರ್ಯಾಗನ್ ಬಿಡು, ಆಡುವವನಿಗೆ ಹೊಡಿ."

"ಅಕ್ಕ, ಇದರಲ್ಲಿ ನಿಮ್ಮ ಲಾಭ ಎಷ್ಟು?"

"ಉಂಟು, ಇಲ್ಲ ಅಂತ ಹೇಳುವುದಿಲ್ಲ. ನಿನಗೂ ಉಂಟು."

ಫಯಾಝ್ ಆ ಕಾರ್ಡನ್ನು ಶೆಲ್ಡನ್ನಿನ ಮೇಲೆಯೇ ಖರ್ಚು ಮಾಡಿದ. ರೂಪೇಶನೂ ಸೇರಿಕೊಂಡ. ಆರು ಸುತ್ತಿನಲ್ಲಿ ಶೆಲ್ಡನ್ನಿನ ಅಂಕ ಒಂಬತ್ತಕ್ಕೆ ಇಳಿಯಿತು. ಅಷ್ಟರಲ್ಲಿ ಡ್ರ್ಯಾಗನ್ ಮೊದಲು ರೂಪೇಶನನ್ನು, ಆಮೇಲೆ ಫಯಾಝನನ್ನು ಎಬ್ಬಿಸಿ ಕಳುಹಿಸಿತ್ತು. ಉಳಿದದ್ದು ಇಬ್ಬರು. ಇವಳಿಗೆ ಮೂವತ್ತೊಂದು ಅಂಕ.

ಶೆಲ್ಡನ್ ಆರಾಮವಾಗಿ ಒರಗಿ ಕುಳಿತ. "ನಾನು ಹೊಡೆಯುವುದಿಲ್ಲ. ಕನ್ನಡಿ ಒಡೆಯುವ ಕಾರ್ಡು ಬರುವವರೆಗೆ ಹೀಗೇ ಕೂರ್ತೇನೆ. ಪಾಸ್."

"ಪಾಸ್ ಆಗುವುದಿಲ್ಲ. ಡ್ರ್ಯಾಗನ್ ಕಾರ್ಡಿನ ಕೊನೆಯ ಸಾಲು ಓದು."

ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ. ಜೆನಿಫರ್ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿ, ಅರ್ಥ ಹೇಳಿದಳು: ಈ ಡ್ರ್ಯಾಗನ್ ಸುಮ್ಮನೆ ಕೂರುವಂತಿಲ್ಲ. ಪ್ರತಿ ಸರದಿಯಲ್ಲಿಯೂ ಯಾರಾದರೊಬ್ಬ ಎದುರಾಳಿಗೆ ಹೊಡೆಯಲೇಬೇಕು.

ಎದುರಾಳಿ ಎಂದು ಉಳಿದದ್ದು ಹರ್ಷಿಣಿ ಒಬ್ಬಳೇ. ಹೊಡೆದರೆ ಕನ್ನಡಿಯಿಂದ ತಿರುಗಿ ಬರುವ ಪೆಟ್ಟು ಹನ್ನೆರಡು, ಶೆಲ್ಡನ್ನಿನ ಅಂಕ ಒಂಬತ್ತು. ಅವನು ಕಾರ್ಡನ್ನು ಕೆಳಗಿಟ್ಟು ಎದ್ದು ನಿಂತು ಕೈ ಚಾಚಿದ.

"ಜೆರಾಕ್ಸ್ ಅಕ್ಕ, ಅದನ್ನು ಯಾವಾಗ ಓದಿದ್ದು ನೀವು?"

"ಕತ್ತರಿಸುವಾಗ."

"ನನ್ನನ್ನೂ ರೂಪೇಶನನ್ನೂ ಗಾಳಕ್ಕೆ ಎರೆ ಮಾಡಿ ಸಿಕ್ಕಿಸಿದ ಹಾಗಾಯ್ತು," ಎಂದ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಫಯಾಝ್. "ಕೊಚ್ಚಿಗೆ ಹೋಗಿ ಸೋತು ಬಂದರೆ ಮಾತ್ರ ಬಿಡುವುದಿಲ್ಲ ಅಕ್ಕ."

ಜೆನಿಫರ್ ಕೊಚ್ಚಿಯ ಪಟ್ಟಿಯಲ್ಲಿ ಅವಳ ಹೆಸರು ಬರೆಯುವುದನ್ನು ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಊರಿನ ಕಾಲಂನಲ್ಲಿ ಉದ್ಯಾವರ ಎಂದಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟಳು. ಉಡುಪಿ ದಾಟಿದ ಮೇಲೆ ಕೇಳಿದೆ.

"ಹರ್ಷಿಣಿ, ತೆಗೊಳ್ಳಿ ಅಂತ ಹೇಳಿದ್ದು ಮರೆತು ಹೋಗಿಯಾ, ಬೇಕಂತಲೇಯಾ?"

"ಮರೆತೇ ದೊಡ್ಡಮ್ಮ. ಕೈ ತಾನಾಗಿ ಹಿಂದೆ ಹೋಯ್ತು."

ಕಾರ್ಡಿನ ಕಟ್ಟನ್ನು ಚೀಲದೊಳಗೆ ಇಟ್ಟು ಜಿಪ್ ಎಳೆದಳು.

"ಕೊಚ್ಚಿಯಲ್ಲಿ ಬೇಕಂತಲೇ ಮಾಡ್ತೇನೆ."