ಪೂಜೆಗಿಟ್ಟ ಬಂದೂಕು

ನನ್ನ ಕನ್ನಡವನ್ನು ಇದುವರೆಗೆ ಮನಸಾರೆ ಹೊಗಳಿದವರು ಒಬ್ಬರೇ. ಅವರು ಒಬ್ಬ ಸಬ್ ಇನ್ಸ್‌ಪೆಕ್ಟರ್. ನಾನು ಬರೆದ ದೂರನ್ನು ಓದಿ, "ಎಷ್ಟು ನೀಟಾಗಿ ಬರ್ದಿದೀರ ಮೇಡಂ, ಇಲ್ಲಿಗೆ ಬರೋ ಕಂಪ್ಲೇಂಟ್‌ಗಳಿಗೆ ತಲೆನೂ ಇರಲ್ಲ, ಬುಡನೂ ಇರಲ್ಲ" ಅಂದರು. ಆ ನೀಟಾದ ದೂರಿನಲ್ಲಿ ದಿನಾಂಕ ಮತ್ತು ವಿಳಾಸ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಅದನ್ನೇ ಆಧರಿಸಿ ಒಬ್ಬ ಮನುಷ್ಯನ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಹಾಕಿದರು.

ಆಗ ನಾನು ಶಿವಾಜಿನಗರದ ಒಂದು ಚಿನ್ನದ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿದ್ದೆ. ಕೆ.ಆರ್. ಪುರದಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದು ಬಂದು, ಐದು ನಿಮಿಷ ತಡವಾದರೆ ಮಾಲೀಕರಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದೆ. ಅಂಗಡಿಯ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕೂರುತ್ತಿದ್ದವರು ಸೈನ್ಯದಿಂದ ನಿವೃತ್ತರಾದವರು, ಬೆಳಗಾವಿ ಕಡೆಯವರು. ಹಲಸೂರಿನಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಎಲ್ಲರೂ ಅವರನ್ನು ಮಿಲಿಟ್ರಿ ಅನ್ನುತ್ತಿದ್ದರು, ನಾನು ಅಣ್ಣ ಅನ್ನುತ್ತಿದ್ದೆ. ಬಂದೂಕು ಅಂಗಡಿಯದಲ್ಲ, ಅವರದೇ. ಲೈಸೆನ್ಸೂ ಅವರ ಹೆಸರಿನಲ್ಲೇ. ಈ ಊರಿನಲ್ಲಿ ಬಂದೂಕಿರುವ ಕಾವಲುಗಾರನಿಗೆ ಒಂದು ಮರ್ಯಾದೆ, ಲಾಠಿ ಹಿಡಿದವನಿಗೆ ಇನ್ನೊಂದು, ಸಂಬಳವೂ ಹಾಗೆಯೇ. ಆ ಬಂದೂಕು ಅವರ ಅನ್ನವಾಗಿತ್ತು. ಬುತ್ತಿ ಬಿಚ್ಚಿ ಊಟಕ್ಕೆ ಕೂತಾಗಲೂ ಅದು ತೊಡೆಯ ಮೇಲೇ ಇರುತ್ತಿತ್ತು.

ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ ಮಾತ್ರ, ಅದು ಅವರ ಕೈಬಿಟ್ಟು ಬರುತ್ತಿತ್ತು. ತಕ್ಕಡಿ, ಒರೆಗಲ್ಲು, ಬಿಲ್ಲಿಂಗ್ ಮಿಷನ್ನುಗಳ ಜೊತೆ ಬಂದೂಕನ್ನೂ ಮೇಜಿನ ಮೇಲೆ ಮಲಗಿಸಿ ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಗುಂಡುಗಳು ಅವರ ಜೇಬಿನಲ್ಲೇ ಉಳಿಯುತ್ತಿದ್ದವು. ಆ ವರ್ಷ ಪೂಜೆಗೆ ಎಲ್ಲ ಜೋಡಿಸಿದವಳು ನಾನು. ಮಾಲೀಕರ ಹೊಸ ಅಳಿಯ ಬರುವವನಿದ್ದ, ಯಾವುದಕ್ಕೂ ಕೊರತೆ ಆಗಬಾರದು ಎಂದು ಬೆಳಗ್ಗೆಯಿಂದ ನಾಲ್ಕು ಸಲ ಹೇಳಿಸಿಕೊಂಡಿದ್ದೆ.

"ಬರೀ ಬಂದೂಕು ಇಟ್ರೆ ಹೇಗಣ್ಣ? ಆಯುಧ ಅಂದ್ಮೇಲೆ ಗುಂಡೂ ಸೇರಿ ಅಲ್ವಾ? ಎರಡು ಕೊಡಿ, ಕುಂಕುಮ ಹಚ್ಚಿ ತಟ್ಟೇಲಿ ಇಡ್ತೀನಿ" ಅಂದೆ.

"ಬ್ಯಾಡ ತಂಗಿ. ಬಂದೂಕು, ಗುಂಡು ಎರಡೂ ಒಂದ ಕಡೆ ಇಡಬಾರ್ದು."

"ದೇವರ ಮುಂದೆ ಏನಾಗುತ್ತಣ್ಣ?"

ದೇವರ ಹೆಸರು ಹೇಳಿದರೆ ಅವರು ಎದುರಾಡುವವರಲ್ಲ. ಜೇಬಿನಿಂದ ಎರಡು ಗುಂಡು ತೆಗೆದುಕೊಟ್ಟರು. ಅವುಗಳಿಗೆ ಅರಿಶಿನ, ಕುಂಕುಮ ಹಚ್ಚಿ ನಾನೇ ಬಂದೂಕಿನ ಪಕ್ಕದಲ್ಲಿಟ್ಟೆ. ಚಂದ ಕಾಣುತ್ತಿತ್ತು.

ಅಳಿಯ ಮನೆ ತೊಳೆಯ ಅನ್ನುತ್ತಾರೆ. ಈ ಅಳಿಯ ಅಂಗಡಿಯನ್ನೂ ತೊಳೆಯುವ ಹಾಗೆ ಕಾಣುತ್ತಿದ್ದ. ರೇಷ್ಮೆ ಪಂಚೆ, ಕತ್ತಿನಲ್ಲಿ ಮಾವ ಹಾಕಿದ ಸರ, ಮುಖದಲ್ಲಿ ಯಾರನ್ನೂ ಲೆಕ್ಕಕ್ಕಿಡದ ಒಂದು ನಗು. ಮೊದಲ ನೋಟಕ್ಕೇ ನನಗೆ ಅವನು ಆಗಿಬರಲಿಲ್ಲ. ಮಂಗಳಾರತಿ ಆದದ್ದೇ ಬಂದೂಕು ಎತ್ತಿಕೊಂಡು, ಪಕ್ಕದ ಓಣಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆ ಅಂದ.

ಅಣ್ಣ ಅಡ್ಡ ಬಂದರು. "ಬ್ಯಾಡ್ರಿ ಸಾಹೇಬ್ರ. ಲೈಸೆನ್ಸ್ ನನ್ನ ಹೆಸರಿಲೆ ಐತ್ರಿ. ಮತ್ತೊಬ್ರ ಕೈಯಾಗ ಕೊಡಂಗಿಲ್ರಿ."

"ಏನ್ರೀ ನೀವು," ಮಾಲೀಕರು ರೇಗಿದರು. "ಹಬ್ಬದ ದಿನ ಅಳಿಯಂದ್ರು ಬಾಯ್ಬಿಟ್ಟು ಕೇಳ್ತಿದಾರೆ. ಒಂದ್ ಫೋಟೋ ತಾನೇ? ಸುಮ್ನೆ ಈ ಕಡೆ ಬನ್ನಿ."

ಹೊಸ ಅಳಿಯನಿಗೆ ಇಲ್ಲ ಅನ್ನುವ ಧೈರ್ಯ ಆ ಅಂಗಡಿಯಲ್ಲಿ ಯಾರಿಗಿತ್ತು? ಅಣ್ಣ ಈ ಕಡೆ ಬಂದರು. ಅಳಿಯ ಹೋಗುವಾಗ ತಟ್ಟೆಯಿಂದ ಒಂದು ಗುಂಡನ್ನೂ ಎತ್ತಿಕೊಂಡ. ನಾನು ನೋಡಿದೆ. ಫೋಟೋಕ್ಕಿರಬೇಕು ಅಂದುಕೊಂಡೆ. ಅಂದುಕೊಂಡು ಪ್ರಸಾದ ಹಂಚುತ್ತಿದ್ದೆ.

ಶಬ್ದಕ್ಕೆ ಗಾಜಿನ ಶೋಕೇಸುಗಳು ನಡುಗಿದವು. ಆಕಾಶಕ್ಕೆ ಹೊಡೆದೆ ಎಂದು ಆಮೇಲೆ ಅಳಿಯ ಹೇಳಿದ. ಆ ಓಣಿಯಲ್ಲಿ ಆಕಾಶ ಎಲ್ಲಿದೆ? ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಮುದುಕ ದರ್ಜಿಯ ಬಲಗೈಗೆ ಗುಂಡಿನೊಳಗಿನ ಸೀಸದ ಕಾಳುಗಳು ಹೊಕ್ಕಿದ್ದವು. ಮೊದಲು ಓಡಿದವರು ಅಣ್ಣ. ಅಳಿಯನ ಕೈಯಿಂದ ಬಂದೂಕು ಕಿತ್ತುಕೊಂಡು, ನಳಿಗೆ ಮಡಚಿ ತೆರೆದು, ಹಾರಿದ ಗುಂಡಿನ ಖಾಲಿ ಕೊಳವೆ ತೆಗೆದು, ಬಂದೂಕಿನ ಸಮೇತ ಮೆಟ್ಟಿಲು ಹತ್ತಿ ದರ್ಜಿಯನ್ನು ಎತ್ತಿಕೊಂಡು ಇಳಿದರು. ಬೀದಿಯ ಜನ ಸೇರುವ ಹೊತ್ತಿಗೆ ಬಂದೂಕು ಅವರ ಹೆಗಲಲ್ಲಿತ್ತು. ಅಳಿಯ ಅಷ್ಟರಲ್ಲಿ ಅಂಗಡಿಯ ಒಳಗೆ ಸೇರಿ ನೀರು ಕುಡಿಯುತ್ತಿದ್ದ.

ಹಿಂದಿನ ಕೋಣೆಯಲ್ಲಿ ಮಾಲೀಕರು ನನ್ನನ್ನು ಕೂರಿಸಿದರು. "ಯಾರು ಹೊಡೆದ್ರೂ ಬಂದೂಕು ಮಿಲಿಟ್ರಿಯವರದು, ಕೇಸು ಅವರ ಮೇಲೇ ಬರೋದು. ಮದುವೆಯಾಗಿ ಮೂರು ತಿಂಗಳಾಗಿರೋ ನಮ್ಮ ಹುಡುಗಿ ಬಾಳು ಯಾಕೆ ಹಾಳು ಮಾಡ್ಬೇಕು ಹೇಳಿ. ಉಂಡ ಮನೆಗೆ ಎರಡು ಬಗೀಬಾರದಮ್ಮ. ನಿಮ್ಮ ಕನ್ನಡ ಚೆನ್ನಾಗಿದೆ, ದೂರು ನೀವೇ ಬರೀರಿ." ಆ ಉಂಡ ಮನೆಯಲ್ಲಿ ನಾನು ಉಂಡದ್ದು ದಿನಾ ಮನೆಯಿಂದ ತಂದ ಡಬ್ಬಿ. ಆದರೂ ಬರೆದೆ. 'ಪೂಜೆಯ ನಂತರ ಕಾವಲುಗಾರನು ಉತ್ಸಾಹದಿಂದ ಗಾಳಿಯಲ್ಲಿ ಗುಂಡು ಹಾರಿಸಿದನು.' ಉತ್ಸಾಹದಿಂದ ಎಂಬ ಪದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನ ಸ್ವಂತದ್ದು. ಕೆಳಗೆ ಆರು ಜನ ಸಹಿ ಹಾಕಿದೆವು. ನಾನು ಊಟಕ್ಕೆ ಎದ್ದದ್ದನ್ನೂ ಬಿಡದೆ ಹಿಡಿಯುತ್ತಿದ್ದ ಅಂಗಡಿಯ ಸಿಸಿ ಕ್ಯಾಮೆರಾ ಆ ದಿನ ಕೆಟ್ಟಿತ್ತಂತೆ. ಫೋಟೋಗಳು ಯಾರ ಫೋನಿನಲ್ಲೂ ಉಳಿಯಲಿಲ್ಲ.

ಅಣ್ಣ ಠಾಣೆಯಲ್ಲಿ ನಿಜ ಹೇಳಿದರು. ಆರು ಸಹಿಗಳ ಮುಂದೆ ಒಂದು ಬಾಯಿ ಏನು ಮಾಡೀತು? ಬಂದೂಕು ಪೊಲೀಸರ ವಶಕ್ಕೆ ಹೋಯಿತು, ಕೆಲಸವೂ ಹೋಯಿತು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೀಟಿ ಊದಿ ಕಾರು ಬಿಡುವ ಕೆಲಸಕ್ಕೆ ಸೇರಿದ್ದಾರೆ ಎಂದು ಕೇಳಿದೆ. ನೋಡಲು ಹೋಗಲಿಲ್ಲ.

ನೋಡಲು ಹೋದದ್ದು ದರ್ಜಿಯನ್ನು, ಅದೂ ವರ್ಷ ಕಳೆದ ಮೇಲೆ, ರವಿಕೆ ಹೊಲಿಸುವ ನೆಪದಲ್ಲಿ. "ಕೈ ನೋಡಮ್ಮ, ಸೂಜೀಗೆ ದಾರ ಹಾಕಾಕೆ ಆಗಲ್ಲ," ಅಂದರು. "ಆ ಮಿಲಿಟ್ರಿ ಬರ್ತಾರೆ, ಹದಿನೈದು ದಿನಕ್ಕೊಂದ್ಸಾರಿ. ಹಣ್ಣು ತರ್ತಾರೆ, ದಾರ ಪೋಣಿಸಿ ಇಟ್ಟು ಹೋಗ್ತಾರೆ. ಹೊಡೆದೋರು ಅವರೇ ಆದ್ರೂ ದಿಲ್ ಒಳ್ಳೇದು. ತಪ್ಪು ಮಾಡಿಲ್ಲ ಅಂದ್ರೆ ಯಾಕ್ ಬರ್ತಾರೆ, ಹೇಳಿ?"

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಇಲ್ಲಿ ಬರೆ ತಿಂದ ಎತ್ತೇ ಬಂದು ಉಪಚಾರ ಮಾಡುತ್ತಿತ್ತು, ಆ ಉಪಚಾರವೂ ಅದರ ತಪ್ಪಿಗೇ ಸಾಕ್ಷಿಯಾಗಿತ್ತು. ನನ್ನ ಮೇಲೆ ನನಗೆ ಅಸಹ್ಯ ಬಂದದ್ದು ಆ ದಿನ. ಕೋರ್ಟಿನಲ್ಲಿ ನಿಜ ಹೇಳಿಬಿಡುತ್ತೇನೆ ಎಂದು ಮೆಟ್ಟಿಲು ಇಳಿಯುವಾಗಲೇ ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ, ಅಣ್ಣನಿಗೂ. ಮಾಲೀಕರ ಕಿವಿಗೆ ಬಿದ್ದರೆ ಎಂಬ ಭಯ.

ಆರು ತಿಂಗಳಾದ ಮೇಲೆ ಸಾಕ್ಷಿಗೆ ಸಮನ್ಸ್ ಬಂತು. ಕೋರ್ಟಿನ ಕಾರಿಡಾರಿನಲ್ಲಿ ಮಾಲೀಕರು ನನ್ನ ಪಕ್ಕದಲ್ಲೇ ಕೂತಿದ್ದರು, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ನನಗೂ ಬಗ್ಗಿಸಿ ಕೊಟ್ಟರು. ಆಗ ಅಣ್ಣ ನೇರ ನನ್ನ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಖಾಲಿ ಕೈ.

"ತಂಗಿ, ವಕೀಲರು ಎರಡು ದಾರಿ ಹೇಳ್ಯಾರ. ತಪ್ಪು ಒಪ್ಗೊಂಡ್ರ ದಂಡ ಕಟ್ಟಿ ಇವತ್ತ ಮುಗೀತೈತಿ. ಇಲ್ಲಾಂದ್ರ ಕೇಸ್ ನಡಸೂದು, ಸೋತ್ರ ಜೈಲು. ನೀ ಒಬ್ಬಾಕಿ ಖರೇ ಹೇಳಿದ್ರ ನಾ ನಡಸ್ತೀನಿ. ಏನ್ ಹೇಳ್ತಿ ಒಳಗ?"

ಮಾಲೀಕರು ನನ್ನ ಮುಖ ನೋಡಿದರು. ನಾನು ಕಾಫಿಯ ಲೋಟ ನೋಡಿದೆ. ಇನ್ನು ಹತ್ತು ನಿಮಿಷ, ಜಡ್ಜ್ ಮುಂದೆ ಹೇಳಿಬಿಡುತ್ತೇನೆ, ಇವರ ಎದುರಿಗೆ ಯಾಕೆ ಎಂದು ಲೆಕ್ಕ ಹಾಕುತ್ತಿದ್ದೆ. ಹೇಳಿದ್ದರೆ ಮಾಲೀಕರು ಅಲ್ಲಿ ನನ್ನನ್ನು ತಿಂದುಬಿಡುತ್ತಿರಲಿಲ್ಲ. ಅಣ್ಣ ಕಾದರು.

"ಆತು" ಅಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಪೇದೆಯೊಬ್ಬ ಹೊರಗೆ ಬಂದು, ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಸಾಕ್ಷಿಗಳು ಹೋಗಬಹುದು ಅಂದ. ದಂಡ ಹಾಕಿದ್ದರು, ಬಂದೂಕು ಸರ್ಕಾರಕ್ಕೆ. ಅಣ್ಣ ಹೊರಬಂದಾಗ ನಾನು ಓಡಿಹೋಗಿ ತಡೆದೆ.

"ಅಣ್ಣ, ನಾನು ನಿಜ ಹೇಳ್ಬೇಕು ಅಂತಲೇ ಬಂದಿದ್ದೆ. ದೇವರಾಣೆ."

ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ದೇವರ ಸುದ್ದಿ ಬ್ಯಾಡ ತಂಗಿ," ಅಂದರು. "ನಾ ಕೇಳಿದಾಗ ಹೇಳ್ಬೇಕಿತ್ತು."

ಆಮೇಲೆ ಬಸ್ ಸ್ಟಾಪಿನ ಕಡೆ ನಡೆದರು. ಎರಡು ತಿಂಗಳಿಗೆ ನಾನು ಆ ಕೆಲಸ ಬಿಟ್ಟೆ. ಪಶ್ಚಾತ್ತಾಪ ಅಂದುಕೊಳ್ಳಬೇಡಿ, ಸಿ.ವಿ. ರಾಮನ್ ನಗರದಲ್ಲಿ ಮನೆಗೆ ಹತ್ತಿರದ ಕೆಲಸ ಸಿಕ್ಕಿತ್ತು. ಕೋರ್ಟಿನ ಆ ದಿನ ಮಾತ್ರ ಮಾಲೀಕರು ಕಾರಿನ ಬಾಗಿಲು ತೆರೆದು, "ಬನ್ನಮ್ಮ, ಅಂಗಡಿಗೆ ಒಟ್ಟಿಗೇ ಹೋಗೋಣ" ಅಂದರು. ಹತ್ತಿದೆ. ಬೆಲ್ಟ್ ಹಾಕ್ಕೊಳ್ಳಿ ಅಂದರು. ಹಾಕಿಕೊಂಡೆ.